ಆಟ ನಿಮ್ಮ ಕೈಯಲ್ಲೇ ಇರಲಿ

ಮಕ್ಕಳೇ,

ಮೂವರೂ ಸೇರಿ ನಿಮಗಿಷ್ಟವಾದ ಪಿಸಿ ಗೇಮ್‌ಗಳದ್ದೊಂದು ಸಂಗ್ರಹ ಮಾಡುತ್ತೀರಂತೆ. ದೊಡ್ಡವನು ಅಹಮದಾಬಾದಿನಲ್ಲಿ, ನಡುವಿನವಳು ವಡೋದರಾದಲ್ಲಿ, ಚಿಕ್ಕವನು ಸೂರತ್ತಿನಲ್ಲಿ. ಕೇಳಿ ನನಗೆ ಖುಷಿಯಾಯಿತು. ನಿಮ್ಮ ಅಪ್ಪ ಅಮ್ಮಂದಿರಿಗೆ ಗೇಮ್ ಅಂದರೆ ಭಯ ಇದ್ದೇ ಇದೆ. 2019ರ ಮಾರ್ಚಿನಲ್ಲಿ ಮೊಬೈಲಿನಲ್ಲಿ ಪಬ್‌ಜಿ ಆಡುತ್ತಿದ್ದರೆಂದು ರಾಜಕೋಟ್ ಪೊಲೀಸರು ಹುಡುಗರನ್ನು ಹಿಡಿದದ್ದು ಅವರಿಗೆ ನೆನಪಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತೇ ನಿಷೇಧಿಸಿತು. ಅಂಥವನ್ನು ನಾನೂ ಒಪ್ಪುವುದಿಲ್ಲ. ಆದರೆ ಡೌನ್‌ಲೋಡ್ ಮಾಡಿ ಇಟ್ಟುಕೊಂಡು, ಬಿಡುವಾದಾಗ ಆಡಿ, ಮುಗಿಸಿ ಎದ್ದು ಹೋಗುವ ಆಟದ ಜಾತಿಯೇ ಬೇರೆ. ಅದಕ್ಕೆ ಒಂದು ಕೊನೆ ಇರುತ್ತದೆ, ದಿನಾ ನಿಮ್ಮನ್ನು ಕರೆಯುವುದಿಲ್ಲ.

ಮುಖ್ಯವಾದ ಒಂದು ಮಾತು ಹೇಳಬೇಕಿದೆ. ಯಾರ ಅಪ್ಪಣೆಯೂ ಇಲ್ಲದೆ, ಇಂಟರ್‌ನೆಟ್ ಇಲ್ಲದಿದ್ದರೂ ತೆರೆದುಕೊಳ್ಳುವ ಆಟಗಳನ್ನೇ ಕೂಡಿಡಿ. ಯೂಬಿಸಾಫ್ಟ್ ಕಂಪನಿಯ ‘ದ ಕ್ರೂ’ ಎಂಬ ಕಾರ್ ರೇಸ್ 2014ರಲ್ಲಿ ಬಂದದ್ದು. 2024ರ ಮಾರ್ಚ್ 31ಕ್ಕೆ ಅದರ ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟು ಕೊಂಡವರಿಗೂ ಆ ಆಟ ಮತ್ತೆ ಆಡಲು ಸಿಗಲಿಲ್ಲ. ಅದೇ ವರ್ಷ, ಪಿಸಿ ಗೇಮ್ ಮಾರುವ ಸ್ಟೀಮ್ ಕೂಡ, ನೀವು ಕೊಳ್ಳುತ್ತಿರುವುದು ಬಳಸುವ ಪರವಾನಗಿ ಮಾತ್ರ ಎಂದು ತನ್ನ ಅಂಗಡಿಯಲ್ಲೇ ಬರೆದು ಹಾಕಿತು. ಸ್ಟೀಮ್ ಬೇಡ ಎನ್ನುತ್ತಿಲ್ಲ. ಆದರೆ ಜಿಒಜಿಯಂಥ ಆನ್‌ಲೈನ್ ಅಂಗಡಿಯಲ್ಲಿ ಪೂರ್ತಿ ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಳ್ಳಲು ಬಿಡುತ್ತಾರೆ. ಒಂದೇ ಆಟ ಎರಡೂ ಕಡೆ ಸಿಕ್ಕರೆ ಜಿಒಜಿಯಿಂದಲೇ ಕೊಳ್ಳಿ.

ಕೊಳ್ಳಲು ದುಡ್ಡಿಲ್ಲದಿದ್ದರೆ ‘ಜೀರೊ ಎ.ಡಿ.’ ಎಂಬ ಆಟದಿಂದ ಶುರು ಮಾಡಿ. ಪೂರ್ತಿ ಉಚಿತ, ಸೋರ್ಸ್ ಕೋಡ್ ಕೂಡ ಮುಕ್ತ. ಅದರಲ್ಲಿ ಮೌರ್ಯರಿದ್ದಾರೆ, ಮರ ಕಲ್ಲು ಹೊರುವ ಕೆಲಸಕ್ಕೂ ಆನೆ ಸಿಗುತ್ತದೆ, ಅಶೋಕನೇ ನಾಯಕನಾಗಿ ಬರುತ್ತಾನೆ. ಆ ಅಶೋಕನ ಶಾಸನ ನೀವಿರುವ ಗುಜರಾತಿನ ಗಿರ್ನಾರಿನಲ್ಲೂ ಇದೆ, ನಮ್ಮ ರಾಯಚೂರಿನ ಮಸ್ಕಿಯಲ್ಲೂ ಇದೆ. ಆಡಿದ ಮೇಲೆ ಎರಡನ್ನೂ ಕಣ್ಣಾರೆ ನೋಡಿ ಬನ್ನಿ. ರೈಲು ಬಸ್ಸು ಓಡಿಸುವ ಹುಚ್ಚಿದ್ದರೆ ‘ಓಪನ್ ಟಿಟಿಡಿ’ ಇದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ.

ಪುಕ್ಕಟೆ ಎಂದು ಕ್ರ್ಯಾಕ್ ಮಾಡಿದ ಆಟಗಳಿಗೆ ಮಾತ್ರ ಕೈ ಹಾಕಬೇಡಿ. ನೀತಿಯ ಮಾತು ಆಮೇಲೆ, ಮೊದಲು ನಿಮ್ಮ ಯಂತ್ರದ ಗತಿ ಕೇಳಿ. ಕ್ರ್ಯಾಕಾನೋಶ್ ಎಂಬ ವೈರಸ್ಸಿನ ಬಗ್ಗೆ ಅವಾಸ್ಟ್ ಕಂಪನಿ 2021ರಲ್ಲಿ ವರದಿ ಕೊಟ್ಟಿತು. ಅದು ಜನಪ್ರಿಯ ಆಟಗಳ ಕದ್ದ ಪ್ರತಿಗಳೊಳಗೆ ಕೂತು ಬರುತ್ತಿತ್ತು. ಆಂಟಿವೈರಸ್ ಕೆಲಸ ಮಾಡದ ಸೇಫ್ ಮೋಡ್‌ನಲ್ಲಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿಸಿ, ಅಲ್ಲೇ ವಿಂಡೋಸ್ ಡಿಫೆಂಡರನ್ನು ಅಳಿಸಿ, ಅನುಮಾನ ಬಾರದಿರಲೆಂದು ಅದೇ ಜಾಗದಲ್ಲಿ ಅದರದ್ದೇ ಐಕಾನ್ ಇಟ್ಟುಬಿಡುತ್ತಿತ್ತು. ಆಮೇಲೆ ನಿಮ್ಮ ಮನೆಯ ಕರೆಂಟಿನಲ್ಲಿ ಬೇರೆ ಯಾರಿಗೋ ಕ್ರಿಪ್ಟೊ ದುಡ್ಡು ದುಡಿಯುತ್ತಿತ್ತು. 2,22,000ಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ತಗುಲಿತ್ತು. ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಕೈಬಿಡಿ.

ನೀತಿಯ ಮಾತೂ ಇದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಗೇಮ್ ಕಂಪನಿ ಶುರು ಮಾಡಿದಾಗ ಗೇಮ್ ತಯಾರಿಸುವುದೂ ಒಂದು ಉದ್ಯೋಗ ಎಂದು ನಮ್ಮಲ್ಲಿ ನಂಬುವವರೇ ಕಡಿಮೆಯಿದ್ದರು. ಅಂಥ ನೆಲದಲ್ಲೇ ಪುಣೆಯ ಒಂದು ಸಣ್ಣ ತಂಡ 2020ರಲ್ಲಿ ‘ರಾಜಿ’ ಎಂಬ ಆಟ ತಂದಿತು. ನಮ್ಮ ಪುರಾಣದ ಲೋಕವನ್ನು ಅಷ್ಟು ಚೆಂದವಾಗಿ ಕಟ್ಟಿದವರ ಶ್ರಮಕ್ಕೆ ಬೆಲೆ ಕೊಡಲೇಬೇಕು. ಅದನ್ನು ಕೊಂಡೇ ಆಡಿ.

ಇನ್ನು ಇಡುವ ಕ್ರಮ. ಪ್ರತಿ ಆಟಕ್ಕೂ ಒಂದು ಫೋಲ್ಡರ್ ಮಾಡಿ. ಅದರಲ್ಲಿ ಇನ್‌ಸ್ಟಾಲರ್, ಕೊಂಡ ರಸೀದಿ, ಎಲ್ಲಿಂದ ಯಾವಾಗ ಇಳಿಸಿದ್ದು, ಯಾವ ವಿಂಡೋಸಿನಲ್ಲಿ ಓಡಿತು ಎಂಬ ಟಿಪ್ಪಣಿ ಇರಲಿ. ಇನ್‌ಸ್ಟಾಲರ್ ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ-256 ಲೆಕ್ಕವನ್ನೂ ತೆಗೆದು ಬರೆದಿಡಿ. ವಿಂಡೋಸಿನ ‘ಸರ್ಟ್‌ಯುಟಿಲ್’ ಕಮಾಂಡ್ ಕೊಟ್ಟರೆ 64 ಅಕ್ಷರಗಳ ಒಂದು ಸಾಲು ಬರುತ್ತದೆ. ನಾಲ್ಕು ವರ್ಷದ ನಂತರ ಮತ್ತೆ ತೆಗೆದಾಗ ಅದೇ ಸಾಲು ಬಂದರೆ ಫೈಲ್ ಕೆಟ್ಟಿಲ್ಲ ಎಂದರ್ಥ. ಸೇವ್ ಫೈಲುಗಳು ಎಷ್ಟೋ ಸಲ ಆಟದ ಫೋಲ್ಡರಿನಲ್ಲಿ ಇರದೆ ವಿಂಡೋಸಿನ ಆ್ಯಪ್‌ಡೇಟಾ ಫೋಲ್ಡರಿನ ಒಳಗೆಲ್ಲೋ ಅಡಗಿರುತ್ತವೆ. ಹುಡುಕಿ ಅವನ್ನೂ ಸೇರಿಸಿ.

ಇಷ್ಟಾದರೂ ಒಂದೇ ಪ್ರತಿ ನಂಬಿಕೊಂಡರೆ ಸಾಲದು. ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಹಳೆಯ ಆಟ ಮಾಡಿದವರು ಜೋರ್ಡನ್ ಮೆಕ್ನರ್. ಆ ಆಟದ ಮೂಲ ಕೋಡ್ ಕಳೆದೇ ಹೋಯಿತು ಎಂದುಕೊಂಡಿದ್ದಾಗ, ಅವರ ತಂದೆಗೆ ಮನೆಯ ಕಪಾಟಿನಲ್ಲಿ ಹಳೆಯ ಫ್ಲಾಪಿಗಳು ಸಿಕ್ಕವು. 2012ರಲ್ಲಿ ಅದನ್ನು ಎಲ್ಲರಿಗೂ ತೆರೆದಿಟ್ಟರು. ಎಲ್ಲರ ಮನೆಯ ಕಪಾಟಿಗೂ ಅಂಥ ಅದೃಷ್ಟ ಇರುವುದಿಲ್ಲ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನ ನೀರು ಬಿಟ್ಟಾಗ ತಾಪಿ ಉಕ್ಕಿ ಸೂರತ್ತಿನ ಬಹುಭಾಗ ಮುಳುಗಿತ್ತು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿ ವಡೋದರಾದ ಮನೆಗಳಿಗೆ ನುಗ್ಗಿದ್ದನ್ನು ನಡುವಿನವಳು ಕಣ್ಣಾರೆ ಕಂಡಿದ್ದಾಳೆ. ನೆಲ ಅಂತಸ್ತಿನ ಮೇಜಿನ ಕೆಳಗಿಟ್ಟ ಸಿಪಿಯು ನೀರಿಗೆ ಮೊದಲ ತುತ್ತು.

ನೀವು ಮೂರು ಊರಿನಲ್ಲಿರುವುದೇ ಇಲ್ಲಿ ಅನುಕೂಲ. ಒಬ್ಬೊಬ್ಬರ ಬಳಿ ಸಂಗ್ರಹದ ಪ್ರತಿಯಿರುವ ಒಂದೊಂದು ಹಾರ್ಡ್ ಡಿಸ್ಕ್ ಇರಲಿ. ಗುಜರಾತ್ ಕ್ವೀನ್ ರೈಲು ಮೂರೂ ಊರಿಗೆ ಹೋಗುತ್ತದಲ್ಲ, ಹಬ್ಬಕ್ಕೆ ಬಂದು ಹೋಗುವಾಗ ಡಿಸ್ಕನ್ನು ಕೈಯಲ್ಲೇ ತನ್ನಿ. ಮುಕ್ತ ಆಟಗಳನ್ನು ಧಾರಾಳವಾಗಿ ಹಂಚಿಕೊಳ್ಳಿ. ದುಡ್ಡು ಕೊಟ್ಟದ್ದನ್ನು ಮಾತ್ರ ಕೊಂಡವರೇ ಆಡಬೇಕು, ಉಳಿದವರು ತಾವೂ ಕೊಳ್ಳಬೇಕು.

ಸಿಕ್ಕಿದ್ದನ್ನೆಲ್ಲ ತುಂಬಬೇಡಿ. ಸದ್ಯಕ್ಕೆ ಹತ್ತೇ ಸಾಕು, ಅವೂ ನೀವು ಕೊನೆಯವರೆಗೆ ಆಡಿದವೇ ಆಗಿರಲಿ. ಉತ್ತರಾಯಣದ ಎರಡು ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ಗಾಳಿಪಟಕ್ಕೆ ಮಾಳಿಗೆ ಹತ್ತಿ. ಅದಕ್ಕೆ ಮೊದಲು ಪಟ್ಟಿ ನನಗೆ ಕಳಿಸಿ. ಪ್ರತಿ ಆಟದ ಎದುರು ಅದು ಯಾಕೆ ಇಷ್ಟ ಎಂದು ಎರಡು ಸಾಲು ಬರೆಯಿರಿ, ಕನ್ನಡದಲ್ಲಿ.