ಶನಿವಾರ ಮಗು ಯಾರ ಮನೆಗೆ?

ಅಮ್ಮ ಬೆಳಗೊಳದಲ್ಲಿ, ಅಪ್ಪ ಕೆ.ಆರ್.ಪೇಟೆಯಲ್ಲಿ, ಮಗು ಮೂರನೇ ಕ್ಲಾಸು ಎಂದಿಟ್ಟುಕೊಳ್ಳಿ. ವಿಚ್ಛೇದನ ಆಗಿಹೋಗಿದೆ. ಇನ್ನು ಹತ್ತು ವರ್ಷ ಇಬ್ಬರೂ ಸೇರಿ ಈ ಮಗುವನ್ನು ಬೆಳೆಸಬೇಕು. ಹೇಗೆ?

1. ತಾರೀಖು ಬರೆದುಕೊಳ್ಳಿ. "ಯಾವಾಗ ಬೇಕಾದ್ರೂ ಬಂದು ನೋಡ್ಕೊಂಡು ಹೋಗ್ಲಿ" ಎಂದು ಪಂಚಾಯ್ತಿಯಲ್ಲಿ ಹಿರಿಯರು ಹೇಳಿಸುವ ಮಾತು ಹೆಚ್ಚು ದಿನ ನಿಲ್ಲುವುದಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟಿನ ದ್ವಿಸದಸ್ಯ ಪೀಠ ಒಂದು ಪ್ರಕರಣದಲ್ಲಿ ಏನು ಬರೆಯಿತು ನೋಡಿ: ಜನವರಿ 1ರಿಂದ ಜೂನ್ 30ರವರೆಗೆ ಮಗು ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ; ಶನಿವಾರ, ಭಾನುವಾರ ಇನ್ನೊಬ್ಬರ ಭೇಟಿ; ಓದಿನ ಖರ್ಚು ಸಮಪಾಲು; ಫೋನ್, ವಿಡಿಯೊ ಕರೆಗೆ ಅಡ್ಡಿಯಿಲ್ಲ. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿದೆ. ಶಾಲೆ ಎರಡೂ ಮನೆಗೆ ಹತ್ತಿರವಿಲ್ಲದಿದ್ದರೆ ಆರಾರು ತಿಂಗಳ ಹಂಚಿಕೆ ನಡೆಯದು. ಆದರೆ ಅನುಮಾನಕ್ಕೆ ಜಾಗವಿಲ್ಲದಂತೆ ಬರೆಯುವ ಆ ಕ್ರಮ ಎಲ್ಲರಿಗೂ ಬೇಕು.

2. ಹಬ್ಬವನ್ನೂ ಹಂಚಿಕೊಳ್ಳಿ. ಸಂಕ್ರಾಂತಿಗೆ ಕಿಚ್ಚು ಹಾಯಿಸುವುದನ್ನು ಅಪ್ಪನ ಊರಲ್ಲಿ ನೋಡಲಿ, ಶ್ರೀರಂಗಪಟ್ಟಣದ ದಸರಾಕ್ಕೆ ಅಮ್ಮನ ಜೊತೆ ಹೋಗಲಿ, ಮರುವರ್ಷ ಅದಲುಬದಲು. ಪಿತೃಪಕ್ಷಕ್ಕೆ ಮೊಮ್ಮಗು ಇರಲೇಬೇಕೆಂದು ಅಜ್ಜಿ-ತಾತ ಹಟ ಹಿಡಿಯುವುದುಂಟು. ಆ ದಿನವೂ ಪಟ್ಟಿಯಲ್ಲಿರಲಿ. ಅವರ ಆಸೆ ತಪ್ಪಲ್ಲ.

3. ಮಗುವನ್ನು ನಡುದಾರಿಯಲ್ಲಿ ಒಪ್ಪಿಸಿ. ಪಾಂಡವಪುರ ಬಸ್ ಸ್ಟ್ಯಾಂಡ್ ಆಗಬಹುದು. ಯಾರ ಮನೆ ಬಾಗಿಲಲ್ಲೂ ಮಾತು ಬೆಳೆಯುವುದಿಲ್ಲ. ಬ್ಯಾಗಿನಲ್ಲಿ ಔಷಧಿ, ಹೋಂವರ್ಕ್ ಡೈರಿ, ಸೋಮವಾರದ ಯೂನಿಫಾರಂ ಇದೆಯೇ ನೋಡಿ, ಕಳಿಸಿ.

4. ಮಗುವಿನ ಬಾಯಲ್ಲಿ ಮಾತು ಕಳಿಸಬೇಡಿ. "ಫೀಸು ಕಟ್ಟು ಅಂತ ನಿಮ್ಮಪ್ಪನಿಗೆ ಹೇಳು" ಎಂದರೆ ಅಪ್ಪನ ಸಿಟ್ಟು ತಿನ್ನುವುದು ಆ ಕೂಸು. ನೇರವಾಗಿ ವಾಟ್ಸ್‌ಆ್ಯಪ್ ಮಾಡಿ. ಹಿಂದಿರುಗಿದಾಗ "ಅಲ್ಲಿ ಯಾರು ಬಂದಿದ್ರು, ಏನಂದ್ರು?" ಎಂದು ಕೆದಕಬೇಡಿ.

5. ಜೀವನಾಂಶ ತಡವಾಯಿತೆಂದು ಭೇಟಿ ತಪ್ಪಿಸಬೇಡಿ. ಭೇಟಿ ತಪ್ಪಿತೆಂದು ಹಣ ನಿಲ್ಲಿಸಬೇಡಿ. ಎರಡಕ್ಕೂ ಬೇರೆ ಬೇರೆ ಅರ್ಜಿ ಹಾಕಲು ಕೋರ್ಟಿದೆ.

6. ಶಾಲೆಯಲ್ಲಿ ಇಬ್ಬರ ನಂಬರೂ ಇರಲಿ.

7. "ಅಪ್ಪ ಬೇಕಾ, ಅಮ್ಮ ಬೇಕಾ?" ಎಂದು ಎಂದೂ ಕೇಳಬೇಡಿ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ನ್ಯಾಯಾಧೀಶರು ಪರಿಗಣಿಸಲು 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಲ್ಲಿ ಅವಕಾಶವಿದೆ. ಆ ಪ್ರಶ್ನೆ ಅವರಿಗೇ ಇರಲಿ.

8. ಮಾತು ಕೈಮೀರಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟಿದ್ದರೂ ಉಚಿತ ನೆರವು ಉಂಟು. ಮಗು ಹೈಸ್ಕೂಲಿಗೆ ಬಂದಾಗ ಹಳೆಯ ಏರ್ಪಾಟು ಹೊಂದದಿದ್ದರೆ, ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಬದಲಾವಣೆ ಕೇಳಬಹುದು. ಇಬ್ಬರೂ ಒಪ್ಪಿಯೇ ಅರ್ಜಿ ಹಾಕಿದರೆ ಎಷ್ಟೋ ಅಲೆದಾಟ ತಪ್ಪುತ್ತದೆ.