ಮೈ ಕಟ್ಟಿದ್ದಾಯಿತು, ಇನ್ನು ಭಾರ ಎತ್ತೋಣ

ಪ್ರಶ್ನೆ: ನನಗೆ 32 ವರ್ಷ. ಏಳೆಂಟು ವರ್ಷಗಳಿಂದ ಬಾಡಿಬಿಲ್ಡಿಂಗ್ ರೀತಿಯಲ್ಲಿ ಜಿಮ್ ಮಾಡುತ್ತಿದ್ದೇನೆ. ಈಗ ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಇಳಿಯುವ ಆಸೆ. ಎಲ್ಲಿಂದ ಶುರು ಮಾಡಲಿ?
– ಓದುಗ, ದಾವಣಗೆರೆ

ಉತ್ತರ: ಬೆಳೆಸಿದ ಸ್ನಾಯು ಎಲ್ಲೂ ಹೋಗುವುದಿಲ್ಲ, ಅದೇ ನಿಮ್ಮ ಬಂಡವಾಳ. ಅಷ್ಟೂ ಬಲವನ್ನು ಒಂದೇ ರೆಪ್‌ನಲ್ಲಿ ಹಾಕುವುದನ್ನು ಈಗ ಕಲಿಯಬೇಕು.

ಸ್ಪರ್ಧೆಯಲ್ಲಿರುವುದು ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್. ಪ್ರತಿಯೊಂದಕ್ಕೂ ಮೂರು ಅವಕಾಶ. ಮೂರರಲ್ಲಿನ ಅತ್ಯುತ್ತಮ ಭಾರಗಳ ಮೊತ್ತವೇ ಲೆಕ್ಕ. ಮೊದಲು ಭಾರ ಇಳಿಸಿ, ನಿಯಮ ರೂಢಿಸಿಕೊಳ್ಳಿ. ಸ್ಕ್ವಾಟ್‌ನಲ್ಲಿ ಸೊಂಟದ ಮಡಿಕೆ ಮಂಡಿಯ ಮೇಲ್ಭಾಗಕ್ಕಿಂತ ಕೆಳಗಿಳಿಯಬೇಕು; ಪಕ್ಕದಿಂದ ವಿಡಿಯೊ ತೆಗೆಸಿ ನೋಡಿ. ಬೆಂಚ್‌ನಲ್ಲಿ ಬಾರ್ ಎದೆಯ ಮೇಲೆ ನಿಶ್ಚಲವಾಗಿ, ರೆಫರಿ ‘ಪ್ರೆಸ್’ ಎಂದ ಮೇಲಷ್ಟೇ ತಳ್ಳಬೇಕು. ಎದೆಗೆ ಬಡಿಸಿ ಎತ್ತಿ ಅಭ್ಯಾಸವಿದ್ದರೆ, 100 ಕೆ.ಜಿ. ತಳ್ಳುವವರೂ ಆರಂಭದಲ್ಲಿ 90ಕ್ಕೆ ತಿಣುಕಬಹುದು.

‘ಎದೆ ದಿನ, ಕಾಲಿನ ದಿನ’ದ ಪಟ್ಟಿ ಬಿಡಿ. ವಾರದಲ್ಲಿ ಸ್ಕ್ವಾಟ್, ಬೆಂಚ್ ಎರಡೆರಡು ಸಲ, ಡೆಡ್‌ಲಿಫ್ಟ್ ಒಂದು ಸಲ ಸಾಕು. 10–12 ರೆಪ್ ಬದಲು 3–5. ಸೆಟ್‌ಗಳ ನಡುವೆ 3ರಿಂದ 5 ನಿಮಿಷ ವಿಶ್ರಾಂತಿ. ಇನ್ನೊಂದೆರಡು ರೆಪ್ ಆಗುತ್ತದೆ ಎನ್ನುವಾಗಲೇ ನಿಲ್ಲಿಸಿ. ಪಂಪ್ ಬರಲಿಲ್ಲವೆಂದು ಬೇಸರ ಬೇಡ. ಸ್ನಾಯುವಿಗಿಂತ ಸ್ನಾಯುರಜ್ಜು ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಭಾರ ಏರಿಸಲು ಆತುರಪಡಬೇಡಿ. ರೋಯಿಂಗ್, ಪುಲ್‌ಅಪ್ ಕೊನೆಗಿರಲಿ.

ಮೊದಲ ಸ್ಪರ್ಧೆಗೆಂದು ಊಟ ಬಿಟ್ಟು ದೇಹತೂಕ ಇಳಿಸಬೇಡಿ. ಸಲೀಸಾಗಿ ಮೂರು ರೆಪ್ ಮಾಡಬಲ್ಲ ಭಾರವನ್ನೇ ಮೊದಲ ಯತ್ನಕ್ಕೆ ಬರೆಸಿ. ಒಂದು ಲಿಫ್ಟ್‌ನ ಮೂರೂ ಯತ್ನ ಕೈಕೊಟ್ಟರೆ ಮೊತ್ತವೇ ಸಿಗುವುದಿಲ್ಲ.