ಕೊಕ್ಕೆಯ ಮೇಲೆ ಒಂದೇ ಕುಣಿಕೆ

22ನೇ ಸಾಲು ಮುಗಿಸಿ ಹೆಣಿಗೆಯನ್ನು ಹಾಸಿಗೆಯ ಮೇಲೆ ಹರವಿ ನೋಡಿದೆ. ತಳದಲ್ಲಿ ಅಗಲ, ಮೇಲೆ ಹೋದಂತೆಲ್ಲ ಕಿರಿದು. ಎರಡೂ ಬದಿ ನೂಲು ಹಿಡಿದು ಗೆರೆ ಎಳೆದಷ್ಟು ಸಮನಾಗಿ ಓರೆ. ಫೋನಿನ ಕ್ಯಾಮೆರಾ ಅದರ ಮೇಲೆ ಹಿಡಿದು ಧಾರವಾಡದಲ್ಲಿದ್ದ ಅವ್ವನಿಗೆ ತೋರಿಸಿದೆ. ಆಕೆ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

"ಕೂಸಿಗೆ ಹೊದಿಕಿ ಹೆಣೀತೀನಿ ಅಂದಿದ್ದಿ. ಇದೇನವಾ, ಹಂಪಿ ಗೋಪುರ ಕಟ್ಟೀಯಲ್ಲ!"

ಗೆಳತಿಯ ಹೆರಿಗೆಗೆ ಆಗ ಎರಡು ತಿಂಗಳು ಉಳಿದಿತ್ತು. ಗೋಪುರಕ್ಕಿಂತ ಮೊದಲು ಒಂದು ಮೀನಿನ ಬಲೆಯೂ ಆಗಿಹೋಗಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಈ ಗೆಳತಿ ಕುಂದಾಪುರದ ಕಡೆಯವಳು. ಓದಲಿಕ್ಕೆಂದು ಧಾರವಾಡಕ್ಕೆ ಬಂದು ಹಾಸ್ಟೆಲಿನಲ್ಲಿದ್ದಳು. ಭಾನುವಾರ ನಮ್ಮ ಮನೆಗೆ ಬಂದರೆ ರೊಟ್ಟಿ, ಎಣ್ಣೆಗಾಯಿ ತಿಂದು, ನಡುಮನೆಯ ಬಾಗಿಲಿಗೆ ಕಟ್ಟಿದ್ದ ಅವ್ವನ ಕ್ರೋಶಾ ತೋರಣದಲ್ಲಿ ಎಷ್ಟು ಗಿಳಿ ಇವೆ ಎಂದು ಎಣಿಸುತ್ತ ಕೂರುವಳು. "ನನ್ನ ಮದುವೆಗೆ ಇಂಥದೊಂದು ಹಾಕಿಕೊಡಿ ಅಮ್ಮ" ಎಂದು ಕೇಳಿಯೂ ಇದ್ದಳು. ಅವ್ವ ಹೂಂ ಅಂದಿದ್ದಳು. ಅಷ್ಟರಲ್ಲಿ ಅವ್ವನ ಬೆರಳಿನ ಗಿಣ್ಣುಗಳು ಬಾತವು, ಕೊಕ್ಕೆಯ ಕಡ್ಡಿ ಹಿಡಿಯುವುದು ನಿಂತಿತು. ಮದುವೆಗೆ ನಾವು ಕೊಟ್ಟಿದ್ದು ಕುಕ್ಕರ್. ಆ ಕುಕ್ಕರ್ ನನ್ನ ಮನಸ್ಸಿನಲ್ಲಿ ಸಾಲದ ಹಾಗೆ ಉಳಿದುಬಿಟ್ಟಿತ್ತು. ಆಕೆ ಬಸುರಿ ಎಂದು ತಿಳಿದ ದಿನ, ಅವ್ವ ಮಾಡಿಕೊಡಲಾಗದ್ದನ್ನು ನಾನು ಮಾಡುತ್ತೇನೆ ಅಂದುಕೊಂಡೆ. ಶಾಲೆಯ ಹೊಲಿಗೆ ಪಿರಿಯಡ್ಡಿನಲ್ಲಿ ಮೂರು ಮಾರು ಉದ್ದದ ಬರೀ ಸರಪಳಿ ಹಾಕಿ, ಮುಂದಿನದು ಬಾರದೆ ಅದನ್ನೇ ಜಡೆಗೆ ಸುತ್ತಿಕೊಂಡು ಓಡಾಡಿದವಳು ನಾನು. ಅದು ಆಗ ನೆನಪಿಗೆ ಬರಲಿಲ್ಲ.

ಅವ್ವ ಕ್ರೋಶಾ ಕಲಿತದ್ದು ವಠಾರದ ಮರಾಠಿ ಕಾಕೂ ಒಬ್ಬರಿಂದ. ಹಾಗಾಗಿ ಆಕೆಯ ಮಾತೆಲ್ಲ ಮರಾಠಿಯದು: ಸಾಖಳಿ, ಖಾಂಬ, ಮುಕಾ ಖಾಂಬ. ಸಾಖಳಿ ಎಂದರೆ ಸರಪಳಿ, ಖಾಂಬ ಎಂದರೆ ಕಂಬ. ಮುಕಾ ಖಾಂಬ ಎಂದರೆ ಬಾಯಿಲ್ಲದ ಕಂಬ, ಎದ್ದು ನಿಲ್ಲದೆ ಮುದುಡಿ ಕೂತ ಗಿಡ್ಡ ಹೆಣಿಗೆ ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ. ನನ್ನ ಬಳಿ ಅವ್ವನ ಹಳೆಯ ಇಂಗ್ಲಿಷ್ ನಮೂನೆ ಪುಸ್ತಕವಿತ್ತು, ರಟ್ಟು ಹರಿದುಹೋದದ್ದು. ಅವ್ವ ಅದರ ಚಿತ್ರ ನೋಡಿಯೇ ಹೆಣೆಯುತ್ತಿದ್ದಳು. ನಾನು ಓದಿದವಳಲ್ಲವೇ, ಅಕ್ಷರ ನೋಡಿದೆ. ಪುಸ್ತಕ 'ಟ್ರೆಬಲ್' ಹಾಕು ಅಂದಿತು. ಯೂಟ್ಯೂಬಿನಲ್ಲಿ ಟ್ರೆಬಲ್ ಎಂದು ಹುಡುಕಿದೆ. ಕಡ್ಡಿಗೆ ದಾರವನ್ನು ಎರಡು ಸುತ್ತು ಸುತ್ತಿ ಎಳೆಯಿರಿ ಎಂದು ಒಬ್ಬಾಕೆ ನಗುನಗುತ್ತ ತೋರಿಸಿಕೊಟ್ಟಳು. ಹದಿನೈದು ದಿನ ಹಾಗೆಯೇ ಹೆಣೆದೆ. ಹೆಬ್ಬೆರಳು ಸಲೀಸಾಗಿ ತೂರುವಷ್ಟು ದೊಡ್ಡ ಕಿಂಡಿಗಳಿರುವ ಒಂದು ಬಲೆ ಸಿದ್ಧವಾಯಿತು.

ಆಮೇಲೆ ತಿಳಿದ ಸಂಗತಿ ಇಷ್ಟು. ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುವುದನ್ನು ಬ್ರಿಟಿಷರು ಡಬಲ್ ಅನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನ ಟ್ರೆಬಲ್. ಅಲ್ಲಿಂದ ಮುಂದೆಯೂ ಇಬ್ಬರ ಹೆಸರು ಒಂದೊಂದು ಮೆಟ್ಟಿಲು ಹಿಂದೆಮುಂದೆ. ಅವ್ವನ ಪುಸ್ತಕ ಬ್ರಿಟಿಷರದು, ಫೋನಿನಾಕೆ ಅಮೆರಿಕದವಳು. ಪುಸ್ತಕ ಕೇಳಿದ್ದು ಒಂದೇ ಸುತ್ತಿನ, ಅವ್ವನ ಲೆಕ್ಕದ ಸಾದಾ ಖಾಂಬ. ಎರಡು ಸಾಮ್ರಾಜ್ಯಗಳ ನಡುವೆ ಸಿಕ್ಕಿಕೊಂಡ ನನಗೆ ಕಾಕೂರ ಮರಾಠಿಯೇ ಮೇಲು ಅನ್ನಿಸಿತು. ಈಗ ಯಾವ ನಮೂನೆ ಸಿಕ್ಕರೂ ಮೊದಲು ನೋಡುವುದು ಅದರಲ್ಲಿ 'ಸಿಂಗಲ್' ಎಂಬ ಮಾತು ಇದೆಯೇ ಎಂದು. ಇದ್ದರೆ ಅದು ಅಮೆರಿಕದ್ದು, ಬ್ರಿಟಿಷರ ಈಗಿನ ಪಟ್ಟಿಯಲ್ಲಿ ಆ ಹೆಸರೇ ಇಲ್ಲ.

ಬಲೆಯ ದಾರದ ಕಥೆಯೂ ಬೇರೆ ಇದೆ. ನಾವು 'ಉಲ್ಲನ್' ಅನ್ನುತ್ತೇವಲ್ಲ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆ ಮೃದು ಉಂಡೆಗಳಲ್ಲಿ ಬಹಳಷ್ಟನ್ನು ಕುರಿ ಕಣ್ಣಲ್ಲೂ ಕಂಡಿರುವುದಿಲ್ಲ. ಅದು ಅಕ್ರಿಲಿಕ್, ಪೆಟ್ರೋಲಿಯಂನಿಂದ ಬರುವ ನೂಲು. ಬಲೆಯ ಅಂಚು ಸುರುಳಿಕೊಳ್ಳುತ್ತಿದೆ ಎಂದು ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿದೆ. ಮರುಕ್ಷಣವೇ ಆ ಜಾಗ ಸತ್ತ ಹಾವಿನ ಹಾಗೆ ಜೋತುಬಿದ್ದು ಮಿಣಿಮಿಣಿ ಹೊಳೆಯತೊಡಗಿತು. ಅಕ್ರಿಲಿಕ್ಕಿನ ಎಳೆ ಬಿಸಿಗೆ ಒಮ್ಮೆ ಹಾಗಾದರೆ ಮತ್ತೆ ಮೊದಲಿನಂತಾಗುವುದಿಲ್ಲ. ಸುಕ್ಕು ಹೋಯಿತು, ಜೊತೆಗೆ ಜೀವವೂ ಹೋಯಿತು. ಅದು ಈಗ ಅವ್ವನ ಮಿಕ್ಸರಿನ ಮೇಲಿದೆ.

ಜನವರಿಯಲ್ಲಿ ಸೀಮಂತಕ್ಕೆಂದು ಕುಂದಾಪುರಕ್ಕೆ ಹೋದಾಗ ಇನ್ನೊಂದು ಬುದ್ಧಿ ಬಂತು. ಬೆಂಗಳೂರಿನ ಚಳಿಗೆ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತಿದವಳು ಬೆಳಿಗ್ಗೆ ಇಳಿದಾಗ ಅದನ್ನು ಚೀಲಕ್ಕೆ ತುರುಕಿದೆ. ಗೆಳತಿ ಜರಿ ಸೀರೆಯೊಳಗೆ ಬೆವರುತ್ತ, "ಈಗಲೇ ಹೀಗೆ ಮಾರಾಯ್ತಿ, ಏಪ್ರಿಲ್ ಕೊನೆಗೆ ಹೆರಿಗೆ ಅಂತೆ, ಆ ಸೆಕೆಯಲ್ಲಿ ಮಗುವನ್ನು ಹೇಗೆ ಇಟ್ಟುಕೊಳ್ಳುವುದೋ" ಅಂದಳು. ಅಲ್ಲಿಯವರೆಗೆ ನಾನು ಹೆಣೆಯುತ್ತಿದ್ದದ್ದು ವಿದೇಶದ ಫೋಟೋಗಳಲ್ಲಿ ಕಂಡ ಮಗುವಿಗೆ, ಹೊರಗೆ ಹಿಮ, ಒಳಗೆ ಉಣ್ಣೆಯಲ್ಲಿ ಸುತ್ತಿಟ್ಟ ಗುಲಾಬಿ ಮುಖ. ಮೇ ತಿಂಗಳಿನ ಕುಂದಾಪುರದಲ್ಲಿ ಮಲಗುವ ಕೂಸನ್ನು ಒಂದು ಸಲವೂ ನೆನೆದಿರಲಿಲ್ಲ.

ಹತ್ತಿಯ ನೂಲೇ ಸರಿ ಎಂದು, ಬೆಂಗಳೂರಿಗೆ ಮರಳಿದ ಮೇಲೆ ಚಿಕ್ಕಪೇಟೆಗೆ ಹೋಗಿ 50 ಗ್ರಾಮಿನ ಎಂಟು ಉಂಡೆ ತಂದೆ. ಬಣ್ಣ ಸಂಪಿಗೆ ಹಳದಿ. ನಮೂನೆಗಳಲ್ಲೆಲ್ಲ ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ ಎಂದಿರುತ್ತದೆ. ಹುಟ್ಟುವ ಮೊದಲೇ ಅದನ್ನು ತಿಳಿಯುವುದು, ತಿಳಿಸುವುದು ನಮ್ಮಲ್ಲಿ 1994ರ ಕಾಯ್ದೆಯಂತೆ ಅಪರಾಧ. ಹಳದಿಗೆ ಆ ತಂಟೆಯಿಲ್ಲ. 4 ಮಿಲಿಮೀಟರಿನ ಕಡ್ಡಿ, ಇಂಚಿಗೆ ನಾಲ್ಕು ಕಂಬ, 30 ಇಂಚು ಅಗಲಕ್ಕೆ 120. ಈ ಸಲ ಅಂಗೈಯಗಲದ ಒಂದು ತುಂಡು ಹೆಣೆದು, ತೊಳೆದು ಒಣಗಿಸಿ, ಅಳತೆಪಟ್ಟಿ ಇಟ್ಟು ಎಣಿಸಿಯೇ ಶುರುಮಾಡಿದ್ದೆ. ಇಷ್ಟೆಲ್ಲ ಜಾಗ್ರತೆ ಮಾಡಿಯೂ ಆದದ್ದು ಗೋಪುರ.

"ಎಣಸು" ಅಂದಳು ಅವ್ವ. ಎಣಿಸಿದೆ. 99. ಮೊದಲ ಸಾಲು ಬಿಟ್ಟು ಮುಂದಿನ ಪ್ರತಿ ಸಾಲಿನಲ್ಲೂ ಒಂದೊಂದು ಕಂಬ ಕಳೆದುಕೊಂಡಿದ್ದೆ, ಒಟ್ಟು 21, ಐದು ಇಂಚಿಗೂ ಮೇಲೆ. ಕ್ರೋಶಾದಲ್ಲಿ ಸಾಲು ತಿರುಗಿಸುವಾಗ ಮೂರು ಸರಪಳಿ ಮೇಲೆತ್ತಬೇಕು, ಆ ಮೂರು ಸರಪಳಿಯೇ ಮುಂದಿನ ಸಾಲಿನ ಮೊದಲ ಕಂಬ. ವಾಪಸು ಬರುವಾಗ ಕೊನೆಯಲ್ಲಿ ಅದರ ನೆತ್ತಿಗೂ ಒಂದು ಕಂಬ ಹಾಕಬೇಕು. ನೋಡಲಿಕ್ಕೆ ಅದು ಕಂಬದ ಹಾಗಿರುವುದಿಲ್ಲ, ಅಂಚಿನ ದಾರದ ಹಾಗೆ ಬಡಕಲಾಗಿ ನಿಂತಿರುತ್ತದೆ. ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಂದು ಸಾಲಿನಲ್ಲಿ ಬಿಟ್ಟರೆ ಕಣ್ಣಿಗೆ ಕಾಣದು. ಹತ್ತು ಸಾಲು ಆಗುವಾಗ ಅನುಮಾನ ಬಂದಿತ್ತು. ದಾರ ಬಿಗಿಯಾಗಿರಬೇಕು, ತೊಳೆದರೆ ಸರಿಹೋದೀತು ಎಂದು ನನಗೆ ನಾನೇ ಹೇಳಿಕೊಂಡು ಇನ್ನೂ ಹನ್ನೆರಡು ಸಾಲು ಹೆಣೆದಿದ್ದೆ.

"ಈಗೇನ್ ಮಾಡ್ಲವ್ವಾ?"

"ಮಾಡೋದೇನು? ಬಿಚ್ಚ."

ಹದಿನಾಲ್ಕು ಸಂಜೆಗಳ ಕೆಲಸ. ಅಂಚಿಗೆ ಎಲ್ಲಾದರೂ ತೇಪೆ ಹಾಕಲಾಗದೇ, ಗೋಟು ಕಟ್ಟಿ ಮರೆಸಲಾಗದೇ ಎಂದು ವಾದ ಮಾಡಿದೆ. ಅವ್ವ ಕೇಳುವಷ್ಟು ಕೇಳಿ, "ನಿನ್ನ ಕಡ್ಡಿ ಮ್ಯಾಲ ಎಷ್ಟು ಕುಣಿಕಿ ಅದಾವು?" ಅಂದಳು. ಒಂದು. "ಸ್ವೆಟರ್ ಹೆಣಿಯೋರಿಗೆ ಸೂಜಿ ಮ್ಯಾಲ ನೂರು ಕುಣಿಕಿ ಇರ್ತಾವು. ಒಂದು ಜಾರಿತಂದ್ರ ತಳದ ತನಕ ಏಣಿ ಇಳಿತೈತಿ. ನಿಂದು ಒಂದ ಕುಣಿಕಿ. ಕಡ್ಡಿ ತಗದು ಎಳಿ, ಎಲ್ಲಿ ಬೇಕೋ ಅಲ್ಲಿ ನಿಲ್ಲಸು. ಇಷ್ಟ ಸಸಾರ ಬಿಚ್ಚಾಕ ಬರೋದು ಇನ್ ಯಾವ್ದೈತಿ?"

ಎಳೆದೆ. ಹದಿನಾಲ್ಕು ಸಂಜೆ ಹತ್ತು ನಿಮಿಷದಲ್ಲಿ ಬಿಚ್ಚಿಹೋಯಿತು. ನಿಜ ಹೇಳಬೇಕೆಂದರೆ ಆ ಟರ್‍ರ್ ಎಂಬ ಸದ್ದಿನಲ್ಲಿ ಒಂದು ನಮೂನೆ ಖುಷಿಯೂ ಇತ್ತು. ಸುರುಳಿ ಸುರುಳಿಯಾಗಿ ನಿಂತ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ನೀರಿನಲ್ಲಿ ನೆನೆಸಿ, ತೂಗುಹಾಕಿದರೆ ನೆಟ್ಟಗಾಗುತ್ತದೆ ಎಂಬುದನ್ನೂ ಅವ್ವನೇ ಹೇಳಿಕೊಟ್ಟಳು. ಮರುದಿನದಿಂದ ಪ್ರತಿ ಸಾಲಿನ ಮೊದಲ ಕಂಬಕ್ಕೂ ಕೊನೆಯ ಕಂಬಕ್ಕೂ ಒಂದೊಂದು ಸೇಫ್ಟಿ ಪಿನ್ನು.

56ನೇ ಸಾಲಿಗೆ ದಾರ ಮುಗಿಯಿತು. ಮತ್ತೆ ಚಿಕ್ಕಪೇಟೆ. ಅದೇ ಕಂಪನಿ, ಅದೇ ನಂಬರು, ಇನ್ನು ಮೂರು ಉಂಡೆ. ಮನೆಗೆ ತಂದು ಪಕ್ಕಕ್ಕಿಟ್ಟರೆ ಇದು ಸಂಪಿಗೆಯಲ್ಲ, ಮಾಗಿದ ನಿಂಬೆ. ಬಣ್ಣದ ನಂಬರಿನ ಕೆಳಗೆ ಲಾಟ್ ನಂಬರು ಎಂದು ಇನ್ನೊಂದು ಇರುತ್ತದೆ, ಒಂದು ಸಲಕ್ಕೆ ಒಂದೇ ಹಂಡೆಯಲ್ಲಿ ಅದ್ದಿದ ನೂಲಿನ ಗುರುತು. ಬೇಕಾದ್ದಕ್ಕಿಂತ ಒಂದು ಉಂಡೆ ಹೆಚ್ಚಿಗೆ, ಎಲ್ಲವನ್ನೂ ಒಂದೇ ಲಾಟಿನಿಂದ ಕೊಳ್ಳಬೇಕು. ಗೊತ್ತಿದ್ದವರಿಗೆ ಗೊತ್ತು. ಹತ್ತು ಸಾಲು ಬಿಚ್ಚಿ, ಹಳೆಯದು ಎರಡು ಸಾಲು, ಹೊಸದು ಎರಡು ಸಾಲು ಎಂದು ಬೆರೆಸುತ್ತ ಹೋದೆ, ಬಣ್ಣ ಒಮ್ಮೆಲೇ ಮುರಿಯದಿರಲಿ ಎಂದು. ಈ ಸಲ ಬಿಚ್ಚು ಎಂದು ಅವ್ವ ಹೇಳಬೇಕಾಗಲಿಲ್ಲ.

ಆಫೀಸಿನಲ್ಲಿ ಊಟದ ಹೊತ್ತಿಗೆ ಹೆಣೆಯುವುದನ್ನು ನೋಡಿದ ಒಬ್ಬರು, "ಚೆನ್ನಾಗಿದೆ, ಎಷ್ಟಕ್ಕೆ ಮಾರ್ತೀರಿ?" ಎಂದು ಕೇಳಿದರು. ತಮಾಷೆಗೆ ಲೆಕ್ಕ ಹಾಕಿದೆ. 78 ಸಾಲು, ಸಾಲಿಗೆ 120, ಒಟ್ಟು 9,360 ಕಂಬ. ಬಿಚ್ಚಿದ್ದು ಬಿಟ್ಟರೂ ಮೂವತ್ತು ಗಂಟೆ. ನಮ್ಮ ಮನೆಗೆ ಬರುವ ಕೆಲಸದಾಕೆಯ ಗಂಟೆಯ ದರ ಹಿಡಿದರೂ, ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆಯನ್ನು ದಾಟುತ್ತಿತ್ತು. ನರಸಾಪುರ ನೆನಪಾಯಿತು. ಆಂಧ್ರದ ಗೋದಾವರಿ ಸೀಮೆಯ ಆ ಊರಿಗೆ ಕ್ರೋಶಾ ತಂದವರು 19ನೇ ಶತಮಾನದ ಮಿಷನರಿಗಳು. ಅಲ್ಲಿನ ಹೆಂಗಸರು ಹೆಣೆದ ಲೇಸು ಹೊರದೇಶಗಳಿಗೆ ಹೋಗುತ್ತದೆ. ಜರ್ಮನಿಯ ಸಮಾಜವಿಜ್ಞಾನಿ ಮಾರಿಯಾ ಮೀಸ್ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ 'ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್' ಎಂಬ ಪುಸ್ತಕ ಬರೆದರು. ದಿನಕ್ಕೆ ಆರು ಎಂಟು ಗಂಟೆ ಕಡ್ಡಿ ಹಿಡಿದವರನ್ನು ಯಾರೂ ಕಾರ್ಮಿಕರು ಎಂದು ಕರೆಯಲೊಲ್ಲರು, ಅವರು ಗೃಹಿಣಿಯರು, ಇದು ಬಿಡುವಿನ ಕೆಲಸ ಎನ್ನುತ್ತಾರೆ, ಕೂಲಿಯೂ ಅದಕ್ಕೆ ತಕ್ಕಂತೆ ಎಂಬುದು ಆ ಪುಸ್ತಕದ ತಿರುಳು. 2024ರಲ್ಲಿ ಆ ಲೇಸಿಗೆ ಜಿಐ ಮಾನ್ಯತೆ ಸಿಕ್ಕಿತು. ಕ್ರೋಶಾ ಹೆಣಿಗೆಯನ್ನು ಯಂತ್ರ ಮಾಡಿಕೊಡುವುದಿಲ್ಲ. ಸಂತೆಯಲ್ಲಿ ಇನ್ನೂರು ರೂಪಾಯಿಗೆ ಸಿಗುವ ಕ್ರೋಶಾ ಚೀಲವನ್ನು ಹೆಣೆದದ್ದೂ ಯಾರದೋ ಕೈಬೆರಳೇ. ನಾನು ಸಹೋದ್ಯೋಗಿಗೆ ಮಾರುವುದಿಲ್ಲ ಅಂದೆ. ಅವರು ಅದನ್ನು ಸ್ನೇಹದ ಮಾತು ಅಂದುಕೊಂಡರು.

ಮಗು ಏಪ್ರಿಲಿನಲ್ಲಿಯೇ ಹುಟ್ಟಿತು, ಹೆಣ್ಣು. ಹೊದಿಕೆ ಇನ್ನೂ 60ನೇ ಸಾಲಿನಲ್ಲಿತ್ತು. ತೊಟ್ಟಿಲ ಶಾಸ್ತ್ರಕ್ಕೆ ಬರಿಗೈಯಲ್ಲಿ ಹೋಗಲೇ ಎಂದು ಅಳುಮೋರೆ ಮಾಡಿದರೆ ಅವ್ವನೇ ಸಮಾಧಾನ ಹೇಳಿದಳು: ಹಸುಗೂಸಿಗೆ ಮೊದಲು ಹಳೆಯ ಸೀರೆಯ ಬಟ್ಟೆಯೇ ಹಿತ, ಎಷ್ಟೋ ಸಲ ಒಗೆದು ಒಗೆದು ಮೆತ್ತಗಾದದ್ದು. ತನ್ನ ಇಳಕಲ್ ಸೀರೆಯ ಕೌದಿಯಲ್ಲೇ ನಾನು ಬೆಳೆದದ್ದಂತೆ. "ನಿಂದ ಹೊದಿಕಿ ಆಮ್ಯಾಲ ಬರಲಿ, ಕೂಸು ಎಲ್ಲಿ ಹೊಕ್ಕೈತಿ?"

ಗೆಳತಿಯ ಮಕ್ಕಳ ಡಾಕ್ಟರು ಇನ್ನೂ ಮುಂದೆ ಹೋಗಿದ್ದರು. ಮೊದಲ ಒಂದು ವರ್ಷ ಮಲಗಿದ ಮಗುವಿನ ಬಳಿ ಸಡಿಲ ಹೊದಿಕೆ, ದಿಂಬು ಏನೂ ಇರಕೂಡದು, ಮುಖದ ಮೇಲೆ ಬಿದ್ದರೆ ಅದು ಸರಿಸಿಕೊಳ್ಳಲಾರದು ಎಂದರಂತೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದೂ ಇದನ್ನೇ. ನನ್ನ 9,360 ಕಂಬಗಳು ಗಕ್ಕನೆ ನಿಂತವು. ಮಗು ಮಲಗುವಾಗ ಹೊದಿಸಲಾಗದಿದ್ದರೆ ಇದು ಯಾವ ಪುರುಷಾರ್ಥಕ್ಕೆ? "ನೆಲಕ್ಕೆ ಹಾಸ್ತೇನೆ ಮಾರಾಯ್ತಿ. ಮೂರ್ನಾಲ್ಕು ತಿಂಗಳಿಗೆ ಕವುಚಿ ಬೀಳುತ್ತದಲ್ಲ, ನೆಲ ತಂಪು" ಅಂದಳು ಗೆಳತಿ. ಹೊದಿಕೆ ಹಾಸಿಗೆಯಾಯಿತು. ಆ ಮಾತಿನ ಮೇಲೆ ಅಂಚಿಗೆ ಹಾಕಬೇಕೆಂದಿದ್ದ ಗೊಂಡೆಗಳನ್ನು ಕೈಬಿಟ್ಟೆ. ಕವುಚಿದ ಮಗು ಮೊದಲು ಬಾಯಿಗೆ ಹಾಕುವುದೇ ಅಂಥದನ್ನು. ಹಿಂಬದಿಯಲ್ಲಿ ನೇತಾಡುವ ದಾರದ ತುದಿಗಳನ್ನೂ ಸೂಜಿಯಿಂದ ಒಳಗೆ ಸೇರಿಸಿದೆ, ಸಡಿಲ ಎಳೆ ಕಾಲ್ಬೆರಳಿಗೆ ಸುತ್ತಿ ರಕ್ತ ಕಟ್ಟುವುದುಂಟು.

ಜೂನ್ ಕೊನೆಗೆ ತಲುಪಿಸಿದೆ, ಕುಂಭದ್ರೋಣ ಮಳೆಯಲ್ಲಿ. ಸೆಕೆಗೆಂದು ಆರಿಸಿದ ಹತ್ತಿ, ಅರ್ಧ ಕಿಲೋ ಮೀರಿದ ತೂಕ, ಒಮ್ಮೆ ಒಗೆದರೆ ಮೂರು ದಿನ ಒಣಗುತ್ತಿರಲಿಲ್ಲ. ಗೆಳತಿಯ ಅಮ್ಮ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿ ಹೊಗೆಯಲ್ಲಿ ಒಣಗಿಸಿದರು. ಮಳೆಗಾಲದಲ್ಲಿ ನೀರು ಹೀರದ ಅಕ್ರಿಲಿಕ್ಕೇ ಬೇಗ ಒಣಗುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ.

ಎರಡು ವರ್ಷದ ಮೇಲೆ, ಹೋದ ತಿಂಗಳು, ಮಂಗಳೂರಿನಲ್ಲಿರುವ ಗೆಳತಿಯಿಂದ ಒಂದು ಪಾರ್ಸೆಲ್ ಬಂತು. ಬಿಡಿಸಿದರೆ ಅದೇ ಹೊದಿಕೆ, ಹೊಗೆಯ ವಾಸನೆ ಇನ್ನೂ ಎಲ್ಲೋ ಒಳಗಿತ್ತು. ರಾಗಿಯ ಕಲೆ, ಯಾವುದೋ ಶಾಯಿಯ ಕಲೆ. ಕೊನೆಯ ಮೂಲೆ ಒಂದು ಗೇಣು ಬಿಚ್ಚಿಕೊಂಡಿದೆ. ಮುಗಿಸುವ ಆತುರದಲ್ಲಿ ಕೊನೆಯ ಎಳೆಯನ್ನು ಎರಡೇ ಇಂಚಿಗೆ ಕತ್ತರಿಸಿದ್ದೆ. ನುಣುಪು ಹತ್ತಿ ಜಾರುತ್ತದೆ, ಒಂದು ಗೇಣಾದರೂ ಬಿಟ್ಟು ಹಿಂದೆಮುಂದೆ ಮೂರು ಸಲ ಹೆಣಿಗೆಯೊಳಗೆ ಹಾಯಿಸಬೇಕಿತ್ತು. ಮಗಳು ಆ ತುದಿ ಹಿಡಿದು ಅದನ್ನು ಎಳೆದುಕೊಂಡೇ ಮನೆಯೆಲ್ಲ ಓಡಾಡುತ್ತಾಳಂತೆ.

ಕಡ್ಡಿ ತೆಗೆದು ಎರಡು ಸಾಲು ಬಿಚ್ಚಿದೆ. ಚಿಕ್ಕಪೇಟೆಯಲ್ಲಿ ಕೇಳಿದರೆ ಆ ಹಳದಿ ಈಗ ಬರುವುದೇ ಇಲ್ಲವಂತೆ. ಬೇರೆ ಯಾವ ಬಣ್ಣ ಹಾಕಲಿ ಎಂದು ಗೆಳತಿಗೆ ಫೋನ್ ಮಾಡಿದೆ. "ಅವಳನ್ನೇ ಕೇಳು" ಎಂದು ಫೋನನ್ನು ಮಗಳ ಬಾಯಿಗೆ ಹಿಡಿದಳು.

"ಯಾವ ಬಣ್ಣ ಬೇಕು ಪುಟ್ಟಿ?"

ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ, "ಬಸ್ಸು."

ಮಂಗಳೂರಿನ ಸಿಟಿ ಬಸ್ಸುಗಳಿಗೆ ಎಷ್ಟೊಂದು ಬಣ್ಣ! ಅವಳ ಮನೆಯ ಮುಂದೆ ಹಾಯುವ ಬಸ್ಸು ಯಾವ ಬಣ್ಣದ್ದು ನೋಡಿ ಹೇಳು ಎಂದು ಗೆಳತಿಗೆ ಹೇಳಿದ್ದೇನೆ. ಕಡ್ಡಿಯ ಮೇಲೆ ಒಂದು ಕುಣಿಕೆ ಉಳಿಸಿಕೊಂಡು ಕೂತಿದ್ದೇನೆ.